ಎಮ್ಮೆ ಬತ್ತಿದರೂ ಕಂತು ಬತ್ತುವುದಿಲ್ಲ



ಹೋದ ವರ್ಷ ಯುಗಾದಿ ಕಳೆದು ಒಂದು ವಾರವಾಗಿತ್ತು. ಶಹಾಪುರ ತಾಲ್ಲೂಕಿನ ಒಂದು ಹಳ್ಳಿಗೆ ಎಮ್ಮೆಗಳ ಗರ್ಭ ತಪಾಸಣೆಗೆ ಹೋಗಿದ್ದೆ. ಕೆಲಸ ಮುಗಿಸಿ ಕೈ ತೊಳೆಯುವಾಗ ಒಬ್ಬ ತಂಗಿ ಬಂದು ನಿಂತಳು. ವಯಸ್ಸು 26. ಗಂಡ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದಾನೆ, ಎರಡು ಸಣ್ಣ ಮಕ್ಕಳು, ಮನೆಯಲ್ಲಿ ಅತ್ತೆ.

"ನಮ್ಮ ಎಮ್ಮಿ ಗಬ್ಬ ಅದನೋ ಇಲ್ಲೋ ನೋಡ್ರಿ ಡಾಕ್ಟರ್ ಸಾಹೇಬ್ರ. ಗಬ್ಬ ಇದ್ರ ಎರಡ್ ಸಾವಿರ ಹೆಚ್ಚಿಗಿ ಕೊಡ್ತೀನಂತ ಅಂದಾರ."

"ಯಾಕ್ ತಂಗಿ, ಹಿಂಡೋ ಎಮ್ಮಿ ಮಾರತೀ ಏನು?"

"ಏನ್ ಮಾಡ್ಲಿರಿ, ಫೈನಾನ್ಸಿನವ್ರು ಮನಿ ಮುಂದ ಬಂದು ನಿಂದರ್ತಾರ. ಮಂದಿ ನೋಡ್ತಾರ."

ನೋಡಿದೆ. ಎಮ್ಮೆ ಮೂರು ತಿಂಗಳ ಗಬ್ಬ. ದಿನಕ್ಕೆ ಡೇರಿಗೆ 5 ಲೀಟರ್ ಹಾಲು ಹಾಕುತ್ತಿದ್ದಳು. ಕೇಳಿದ ಬೆಲೆ 65 ಸಾವಿರ ರೂಪಾಯಿ. ಆ ದಿನ ನಾನು ಗಬ್ಬ ಇದೆ ಎಂದು ಹೇಳಿ ಗಾಡಿ ಹತ್ತಬಹುದಿತ್ತು. ಮೊದಲು ಹಾಗೆಯೇ ಮಾಡುತ್ತಿದ್ದೆ. ಕೆಲವು ವರ್ಷಗಳ ಹಿಂದೆ ಇಂಥದೇ ಇನ್ನೊಬ್ಬ ತಂಗಿಗೆ, "ಒಂದು ಎಮ್ಮೆಯಿಂದ ಏನೂ ಉಳಿಯೋದಿಲ್ಲ, ಇನ್ನೊಂದು ಕಟ್ಟಿರಿ" ಎಂದು ಸಲಹೆ ಕೊಟ್ಟಿದ್ದೆ. ಆಕೆಗೆ ಎಷ್ಟು ಸಾಲವಿದೆ ಎಂದು ಕೇಳಲಿಲ್ಲ. ಆಕೆ ಸಾಲ ಮಾಡಿಯೇ ಎಮ್ಮೆ ತಂದಳು. ಎರಡೂ ಎಮ್ಮೆಗಳು ಒಂದೇ ಬೇಸಿಗೆಯಲ್ಲಿ ಬತ್ತಿದವು, ಎರಡನ್ನೂ ಮಾರಿದಳು. ಈಗ ಆ ಮನೆಯಿಂದ ಡೇರಿಗೆ ಹಾಲು ಬರುವುದಿಲ್ಲ. ಅಂದಿನಿಂದ, ರಾಸಿನ ಜೊತೆಗೆ ಸಾಲದ ಬಗ್ಗೆಯೂ ಕೇಳುವುದನ್ನು ಕಲಿತಿದ್ದೇನೆ.

ಆ ಸಂಜೆ ಈ ತಂಗಿಯ ಮನೆಯ ಕಟ್ಟೆಯ ಮೇಲೆ ಕುಳಿತು ಲೆಕ್ಕ ಬರೆದೆವು. ಅವಳ ಒಪ್ಪಿಗೆ ಪಡೆದೇ ಇಲ್ಲಿ ಹೇಳುತ್ತಿದ್ದೇನೆ. ಊರು, ಹೆಸರು ಹೇಳಿಲ್ಲ. ನಿಮಗೆ ಸುಲಭವಾಗಲಿ ಎಂದು ಅಂಕಿಗಳನ್ನು ದುಂಡು ಮಾಡಿದ್ದೇನೆ.

ಮೊದಲು ಎಲ್ಲ ಸಾಲ ಒಂದೇ ಹಾಳೆಯಲ್ಲಿ

"ಎಷ್ಟು ಸಾಲ ಅದ?" ಎಂದು ಕೇಳಿದಾಗ ಅವಳು ಹೇಳಿದ್ದು "ಐವತ್ತು ಸಾವಿರ". ಬರೆಯುತ್ತಾ ಹೋದಂತೆ ಅದು 90 ಸಾವಿರವಾಯಿತು.

1. ಮೊದಲನೇ ಫೈನಾನ್ಸ್: ಬಾಕಿ 26,000. ತಿಂಗಳ ಕಂತು 2,150. ಬಡ್ಡಿ ವರ್ಷಕ್ಕೆ ನೂರಕ್ಕೆ 24.
2. ಎರಡನೇ ಫೈನಾನ್ಸ್ (ಮೊದಲನೆಯದರ ಕಂತು ಕಟ್ಟಲು ತೆಗೆದದ್ದು): ಬಾಕಿ 24,000. ಕಂತು 1,650. ಬಡ್ಡಿ 24.
3. ಊರಲ್ಲಿ ಕೈಸಾಲ: 20,000. ನೂರಕ್ಕೆ ಮೂರು ರೂಪಾಯಿ ಬಡ್ಡಿ. ತಿಂಗಳಿಗೆ 600.
4. ಬ್ಯಾಂಕಿನಲ್ಲಿ ಒತ್ತೆ ಇಟ್ಟ ಬಂಗಾರ: 15,000. ಬಡ್ಡಿ ವರ್ಷಕ್ಕೆ ಸುಮಾರು ನೂರಕ್ಕೆ 10.
5. ಡೇರಿಯಲ್ಲಿ ಪಶು ಆಹಾರದ ಬಾಕಿ: 3,000. ಬಡ್ಡಿ ಇಲ್ಲ.
6. ಕಿರಾಣಿ ಅಂಗಡಿ: 2,000. ಬಡ್ಡಿ ಇಲ್ಲ.

ಅವಳ ನಿದ್ದೆಗೆಡಿಸಿದ್ದು ಫೈನಾನ್ಸಿನವರು. ಏಕೆಂದರೆ ಬಾಗಿಲಿಗೆ ಬರುವವರು ಅವರೇ. ಆದರೆ ಹಾಳೆ ನೋಡಿ. ಅತಿ ದುಬಾರಿ ಸಾಲ ಮೂರನೆಯದು. "ಮೂರು ರೂಪಾಯಿ ಬಡ್ಡಿ" ಎಂದರೆ ಕಿವಿಗೆ ಕಡಿಮೆ ಅನಿಸುತ್ತದೆ. ಅದು ತಿಂಗಳ ಲೆಕ್ಕ. ವರ್ಷಕ್ಕೆ ನೂರಕ್ಕೆ 36 ಆಗುತ್ತದೆ. ಫೈನಾನ್ಸಿನ ಕಂತಿನಲ್ಲಿ ಅಸಲೂ ಕರಗುತ್ತದೆ. ಕೈಸಾಲದಲ್ಲಿ ಅಸಲು ಕರಗುವುದೇ ಇಲ್ಲ. ಅವಳು ಎರಡು ವರ್ಷದಲ್ಲಿ 14,400 ರೂಪಾಯಿ ಬಡ್ಡಿ ಕೊಟ್ಟಿದ್ದಳು. ಅಸಲು ಇನ್ನೂ 20,000 ಹಾಗೆಯೇ ಇತ್ತು. ಕೊಟ್ಟವರು ಹತ್ತಿರದ ಸಂಬಂಧಿಕರು, ಒಂದು ದಿನವೂ ಬಾಗಿಲಿಗೆ ಬಂದವರಲ್ಲ. ಹಾಗಾಗಿ ಅದು ಸಾಲ ಎಂದೇ ಅವಳಿಗೆ ಅನಿಸಿರಲಿಲ್ಲ.

ನೀವೂ ಇವತ್ತು ರಾತ್ರಿ ಮಗುವಿನ ಹಳೆಯ ನೋಟ್‌ಬುಕ್ಕಿನ ಒಂದು ಹಾಳೆ ತೆಗೆದುಕೊಳ್ಳಿ. ಯಾರಿಗೆ, ಎಷ್ಟು ಬಾಕಿ, ತಿಂಗಳಿಗೆ ಎಷ್ಟು ಕಟ್ಟಬೇಕು, ವರ್ಷದ ಬಡ್ಡಿ ಎಷ್ಟು ಎಂದು ಬರೆಯಿರಿ. ತಿಂಗಳ ಬಡ್ಡಿಯನ್ನು 12ರಿಂದ ಗುಣಿಸಿದರೆ ವರ್ಷದ ಬಡ್ಡಿ. ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಗಳ ಕೈಯಲ್ಲಿ ಬರೆಸಿರಿ.

ಹಾಲಿನ ಲೆಕ್ಕ, ಕಂತಿನ ಲೆಕ್ಕ

ಅವಳ ಹಾಲಿನ ದುಡ್ಡು ನೋಡೋಣ. ದಿನಕ್ಕೆ 5 ಲೀಟರ್. ಜಿಡ್ಡಿನ ಮೇಲೆ ದರ ಹೆಚ್ಚು ಕಡಿಮೆ ಆಗುತ್ತದೆ. ಸರಾಸರಿ ಲೀಟರಿಗೆ 45 ರೂಪಾಯಿ ಹಿಡಿದರೆ ತಿಂಗಳಿಗೆ 6,750. ಹಿಂಡಿ, ಪಶು ಆಹಾರ, ಕಣಕಿಗೆ ಖರ್ಚು ಸುಮಾರು 2,500. ಕೈಗೆ ಉಳಿಯುವುದು 4,250. ಎರಡು ಕಂತು, ಒಂದು ಬಡ್ಡಿ ಸೇರಿ ಕಟ್ಟಬೇಕಾದದ್ದು 4,400. ಅಂದರೆ ಎಮ್ಮೆ ಚೆನ್ನಾಗಿ ಹಿಂಡುವ ದಿನಗಳಲ್ಲೇ ತಿಂಗಳಿಗೆ 150 ರೂಪಾಯಿ ಸಾಲದು.

ಇನ್ನು ಎಮ್ಮೆ ಬತ್ತಿದ ತಿಂಗಳು? ಹಾಲು ಇಲ್ಲ, ಮೇವು ಬೇಕು, ಕಂತು 4,400 ಹಾಗೆಯೇ. ಎರಡನೇ ಫೈನಾನ್ಸ್ ಯಾವಾಗ ತೆಗೆದೆ ಎಂದು ಕೇಳಿದೆ. ಹಿಂದಿನ ಸಲ ಎಮ್ಮೆ ಬತ್ತಿದಾಗ. ಕೈಸಾಲ ಯಾವಾಗ? ಅದರ ಹಿಂದಿನ ಸಲ ಬತ್ತಿದಾಗ.

ಅಕ್ಕ-ತಂಗಿಯರೇ, ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಹೈನುಗಾರರ ಮನೆಯಲ್ಲಿ ಹೊಸ ಸಾಲ ಹೆಚ್ಚಾಗಿ ಹುಟ್ಟುವುದು ಎಮ್ಮೆ ಬತ್ತಿದ ದಿನಗಳಲ್ಲಿ. ಕಂತು ವಾರ ವಾರ, ತಿಂಗಳು ತಿಂಗಳು ಒಂದೇ ಸಮ. ಹಾಲು ಹಾಗಲ್ಲ, ಏರುತ್ತದೆ, ಇಳಿಯುತ್ತದೆ, ನಿಲ್ಲುತ್ತದೆ. ಸಾಲ ಕೊಡುವವರು ನಿಮ್ಮ ಎಮ್ಮೆಯ ಕ್ಯಾಲೆಂಡರ್ ನೋಡುವುದಿಲ್ಲ. ನೀವೇ ನೋಡಬೇಕು. ಬತ್ತುವ ದಿನಗಳನ್ನು ಕಡಿಮೆ ಮಾಡುವುದು, ಆ ದಿನಗಳಿಗೆ ಮೊದಲೇ ದುಡ್ಡು ಎತ್ತಿಡುವುದು, ಈ ಎರಡು ಆದರೆ ಸಾಲ ಇಳಿಯತೊಡಗುತ್ತದೆ.

ಎಮ್ಮೆ ಮಾರಿದ್ದರೆ?

65 ಸಾವಿರ ಬಂದಿದ್ದರೆ ಎರಡೂ ಫೈನಾನ್ಸಿನ 50 ಸಾವಿರ ತೀರುತ್ತಿತ್ತು. ಉಳಿದ 15 ಸಾವಿರ ಕೈಸಾಲಕ್ಕೆ ಕೊಟ್ಟರೂ, ಬಂಗಾರ, ಡೇರಿ, ಅಂಗಡಿ ಸೇರಿ ಇನ್ನೂ 25 ಸಾವಿರ ಸಾಲ ಉಳಿಯುತ್ತಿತ್ತು. ಮನೆ ಮುಂದೆ ಎಮ್ಮೆ ಇರುತ್ತಿರಲಿಲ್ಲ. ಮಕ್ಕಳಿಗೆ ಹಾಲು, ಬಟವಾಡೆ, ಮಾರಿಹೋದ ಎಮ್ಮೆಯ ಹೊಟ್ಟೆಯಲ್ಲಿದ್ದ ಕರು, ಯಾವುದೂ ಇಲ್ಲ. ಮುಂದಿನ ಎಮ್ಮೆಗೆ ಮತ್ತೆ ಸಾಲವೇ ಗತಿ. ಮಾರಲೇಬೇಕಾದರೆ ಮೊದಲು ಬೇರೆ ಏನಿದೆ ನೋಡಬೇಕು. ಹಾಲು ಕೊಡುವ, ಗಬ್ಬವಿರುವ ರಾಸು ಕೊನೆಯದು.

ಅವಳ ಬಳಿ ಎರಡು ಹೋತಗಳಿದ್ದವು. ಅತ್ತೆ ಸಾಕಿದ್ದು. ಆಗಲೇ ಮಾರುವುದು ಬೇಡ, ಬಕ್ರೀದ್ ಹತ್ತಿರ ಬರಲಿ ಎಂದೆವು. ಎರಡು ತಿಂಗಳು ಕಾದದ್ದಕ್ಕೆ 16 ಸಾವಿರ ಬಂತು. ಸರ್ಕಾರ ಹಾಲಿಗೆ ಲೀಟರಿಗೆ 5 ರೂಪಾಯಿಯಂತೆ ಕೊಡುವ ಪ್ರೋತ್ಸಾಹಧನ ಕೆಲವು ತಿಂಗಳದ್ದು ಒಟ್ಟಿಗೆ ಖಾತೆಗೆ ಬಿದ್ದಿತ್ತು. ಅದರಿಂದ 4 ಸಾವಿರ. ಒಟ್ಟು 20 ಸಾವಿರ ತೆಗೆದುಕೊಂಡು ಹೋಗಿ ಕೈಸಾಲದ ಅಸಲು ಒಂದೇ ಸಲ ಕೊಟ್ಟು ಬಂದಳು. ಅತ್ತೆಗೆ ಮೊದಲು ಸಿಟ್ಟು ಬಂದಿತ್ತು. "ಮನಿಯವ್ರದ ಸಾಲ ಇರ್ಲಿ, ಫೈನಾನ್ಸಿಂದು ಕಟ್ಟು" ಎಂದಿದ್ದರು. ಎರಡು ವರ್ಷದ ಬಡ್ಡಿ 14,400 ಎಂದು ಹಾಳೆ ತೋರಿಸಿದ ಮೇಲೆ ಸುಮ್ಮನಾದರು. ಅಲ್ಲಿಗೆ ತಿಂಗಳಿಗೆ 600 ರೂಪಾಯಿ ಉಳಿಯಿತು.

ನೆನಪಿಡಿ: ಕೈಗೆ ಒಟ್ಟಿಗೆ ಬರುವ ದುಡ್ಡು, ಅಂದರೆ ಪ್ರೋತ್ಸಾಹಧನ, ಸಂಘದ ಬೋನಸ್, ತೊಗರಿ ಮಾರಿದ ದುಡ್ಡು, ಅತಿ ಹೆಚ್ಚು ಬಡ್ಡಿಯ ಸಾಲದ ಅಸಲಿಗೆ ಹೋಗಬೇಕು. ಉಳಿದ ಕಂತುಗಳನ್ನು ತಪ್ಪಿಸದೆ ಕಟ್ಟುತ್ತಿರಬೇಕು.

ತಪ್ಪಿದ ಒಂದು ಬೆದೆ, ಒಂದು ಕಂತು

ಈಗ ನನ್ನ ಕೆಲಸದ ಮಾತು. ಎಮ್ಮೆಯ ಗರ್ಭಕಾಲ ಸುಮಾರು 310 ದಿನ, ಆಕಳದ್ದು ಸುಮಾರು 280 ದಿನ. ಕರು ಹಾಕಿದ ಮೂರು ತಿಂಗಳೊಳಗೆ ಎಮ್ಮೆ ಮತ್ತೆ ಗಬ್ಬ ನಿಂತರೆ, 13-14 ತಿಂಗಳಿಗೊಮ್ಮೆ ಕರು ಹಾಕುತ್ತದೆ, ಎರಡು ತಿಂಗಳು ಮಾತ್ರ ಬತ್ತಿರುತ್ತದೆ. ಆ ಎರಡು ತಿಂಗಳು ಬೇಕೇ ಬೇಕು. ಹೊಟ್ಟೆಯಲ್ಲಿನ ಕರುವಿಗೆ, ಮುಂದಿನ ಹಾಲಿಗೆ ಅದು ಆಧಾರ. ಆದರೆ ಬೆದೆ ಗಮನಿಸದೆ ಬಿಟ್ಟರೆ ಬತ್ತಿದ ಕಾಲ ಐದು, ಆರು ತಿಂಗಳಿಗೆ ಏರುತ್ತದೆ.

ಬೆದೆ 21 ದಿನಕ್ಕೊಮ್ಮೆ ಬರುತ್ತದೆ. ಒಂದು ಬೆದೆ ತಪ್ಪಿದರೆ 21 ದಿನ ಹೆಚ್ಚು ಮೇವು ಹಾಕಬೇಕು. ದಿನಕ್ಕೆ 80 ರೂಪಾಯಿ ಹಿಡಿದರೂ 1,680 ರೂಪಾಯಿ. ಈ ತಂಗಿಯ ಎರಡನೇ ಫೈನಾನ್ಸಿನ ಕಂತು 1,650. ಗಮನಿಸದೆ ಬಿಟ್ಟ ಒಂದು ಬೆದೆ, ಒಂದು ಕಂತಿನ ದುಡ್ಡು ತಿಂದು ಹೋಗುತ್ತದೆ.

ಎಮ್ಮೆಯ ಬೆದೆ ಆಕಳಿನ ಹಾಗೆ ಕೂಗಿ ಹೇಳುವುದಿಲ್ಲ. ನಮ್ಮ ಯಾದಗಿರಿ ಬಿಸಿಲಿನಲ್ಲಂತೂ ಮೂಕ ಬೆದೆಯೇ ಹೆಚ್ಚು. ಸಂಜೆ ಕತ್ತಲಾದ ಮೇಲೆ ಮತ್ತು ಬೆಳಗಿನ ಜಾವ ನೋಡಿ. ಪದೇ ಪದೇ ಉಚ್ಚೆ ಹೊಯ್ಯುತ್ತದೆಯೇ, ಯೋನಿಯಿಂದ ತಿಳಿಯಾದ ಲೋಳೆ ಬರುತ್ತದೆಯೇ, ಒಂದು ಹೊತ್ತಿನ ಹಾಲು ಇದ್ದಕ್ಕಿದ್ದಂತೆ ಇಳಿಯಿತೇ, ಮೇವು ಬಿಟ್ಟು ಅತ್ತಿತ್ತ ನೋಡುತ್ತದೆಯೇ ಎಂದು ಗಮನಿಸಿ. ಬೆಳಿಗ್ಗೆ ಕಂಡರೆ ಸಂಜೆಗೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಿ. ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. 21ನೇ ದಿನ ಮತ್ತೆ ನೋಡಿ. ಎರಡು-ಮೂರು ತಿಂಗಳಿಗೆ ಗರ್ಭ ತಪಾಸಣೆ ಮಾಡಿಸಿ. ಗಬ್ಬ ಇದೆ ಎಂದು ನಂಬಿ ಐದು ತಿಂಗಳು ಕಾದು, ಆಮೇಲೆ ಇಲ್ಲ ಎಂದು ತಿಳಿದು ಅತ್ತವರನ್ನು ನಾನು ಬಹಳ ನೋಡಿದ್ದೇನೆ. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ತಪ್ಪಿಸಬೇಡಿ. ಬೇಸಿಗೆಯಲ್ಲಿ ನೆರಳು, ಮೈಮೇಲೆ ಎರಡು ಸಲ ನೀರು ಇರಲಿ.

ಮೇವಿನಲ್ಲಿ ಉಳಿತಾಯವೂ ಇದೆ. ಅವಳು ಜೋಳದ ಕಣಕಿಯನ್ನು ಉದ್ದಕ್ಕೇ ಹಾಕುತ್ತಿದ್ದಳು. ಎಮ್ಮೆ ಎಲೆ ತಿಂದು ದಂಟು ತುಳಿದು ಬಿಡುತ್ತಿತ್ತು. ಕತ್ತರಿಸಿ ಗೋದಲಿಯಲ್ಲಿ ಹಾಕತೊಡಗಿದ ಮೇಲೆ ಕಣಕಿ ಕೊಳ್ಳುವುದು ಕಡಿಮೆಯಾಯಿತು. ತೊಗರಿ ರಾಶಿಯ ಹೊಟ್ಟು ಮಾರುತ್ತಿದ್ದುದನ್ನು ಬಿಟ್ಟು ಎಮ್ಮೆಗೆ ಇಟ್ಟುಕೊಂಡಳು. ಎರಡೂ ಸೇರಿ ತಿಂಗಳಿಗೆ 500 ರೂಪಾಯಿ ಉಳಿಯಿತು. ಆದರೆ ಉಳಿಸುವ ಹೆಸರಿನಲ್ಲಿ ಪಶು ಆಹಾರ ಕಡಿಮೆ ಮಾಡಬೇಡಿ. ಹಾಲು ಇಳಿಯುತ್ತದೆ, ಬೆದೆಯೂ ತಡವಾಗುತ್ತದೆ.

ಬತ್ತುವ ತಿಂಗಳಿಗೆ ಒಂದು ಡಬ್ಬಿ

ಅವಳ ಎಮ್ಮೆ ದೀಪಾವಳಿಯ ಹೊತ್ತಿಗೆ ಬತ್ತಿರುತ್ತದೆ, ಅದಾದ ಮೇಲೆ ಕರು ಹಾಕುತ್ತದೆ ಎಂದು ಆ ಸಂಜೆಯೇ ಲೆಕ್ಕ ಹಾಕಿದೆವು. ಬತ್ತುವುದು ಯಾವಾಗ ಎಂದು ಐದು ತಿಂಗಳು ಮೊದಲೇ ಗೊತ್ತಿತ್ತು. ಕೈಸಾಲ ತೀರಿದ ಮೇಲೆ ದಿನಕ್ಕೆ 30 ರೂಪಾಯಿ ಬೇರೆ ಎತ್ತಿಡತೊಡಗಿದಳು. ಹಾಲು ಇಳಿಯುತ್ತ ಬಂದಾಗ 30 ಇದ್ದದ್ದು 15 ಆಯಿತು. ಎಮ್ಮೆ ಬತ್ತುವ ಹೊತ್ತಿಗೆ ಡಬ್ಬಿಯಲ್ಲಿ ಇದ್ದದ್ದು 2,500 ಮಾತ್ರ. ಎರಡು ತಿಂಗಳ ಕಂತು 7,600. ಗಂಡ ಸ್ವಲ್ಪ ಹೆಚ್ಚು ಕಳಿಸಿದ. ಅಷ್ಟರಲ್ಲಿ ಹತ್ತಿ ಬಿಡಿಸುವ ಕೆಲಸ ಶುರುವಾಯಿತು, ಆ ಕೂಲಿ ಬಂತು. ನಡುವೆ ಮಗನಿಗೆ ಜ್ವರ ಬಂದು ದವಾಖಾನೆಗೆ ಹೋಗಬೇಕಾಯಿತು. ಆಗ ತನ್ನ ಸ್ವಸಹಾಯ ಸಂಘದಿಂದ 3,000 ತೆಗೆದಳು, ಬಡ್ಡಿ ನೂರಕ್ಕೆ ಒಂದು ರೂಪಾಯಿ. ಹಿಂದಿನ ಎರಡು ಸಲ ಬತ್ತಿದಾಗ 20 ಸಾವಿರ, 30 ಸಾವಿರ ಸಾಲ ಮಾಡಿದ್ದವಳು ಈ ಸಲ ಮೂರು ಸಾವಿರದಲ್ಲಿ ದಾಟಿದಳು. ಕರು ಹಾಕಿದ ಮೇಲೆ ಹಾಲಿನ ದುಡ್ಡಿನಲ್ಲಿ ಅದನ್ನೂ ತೀರಿಸಿದಳು.

ನಿಮ್ಮ ಹಕ್ಕು ತಿಳಿದಿರಲಿ

ಫೈನಾನ್ಸಿನ ಸಾಲ ತೆಗೆದವರಿಗೆ ಕೆಲವು ರಕ್ಷಣೆಗಳಿವೆ. ಭಾರತೀಯ ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ, ವರ್ಷದ ಆದಾಯ 3 ಲಕ್ಷದವರೆಗಿನ ಕುಟುಂಬಕ್ಕೆ ಕೊಡುವ ಕಿರುಸಾಲಕ್ಕೆ ಯಾವುದೇ ಅಡಮಾನ ಕೇಳುವಂತಿಲ್ಲ. ಮನೆಯ ಎಲ್ಲ ಸಾಲದ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚಾಗಬಾರದು. ಬಡ್ಡಿ, ಶುಲ್ಕ ಎಲ್ಲವನ್ನೂ ನಿಮಗೆ ಗೊತ್ತಿರುವ ಭಾಷೆಯಲ್ಲಿ ಬರೆದು ಕೊಡಬೇಕು. ಅವಧಿಗೆ ಮೊದಲೇ ಸಾಲ ತೀರಿಸಿದರೆ ದಂಡ ಹಾಕುವಂತಿಲ್ಲ. ವಸೂಲಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ. ಬೈಯುವುದು, ಹೆದರಿಸುವುದು ತಪ್ಪು. ದೂರಿಗೆ ರಿಸರ್ವ್ ಬ್ಯಾಂಕಿನ 14448 ಸಂಖ್ಯೆಗೆ ಕರೆ ಮಾಡಬಹುದು.

ನಮ್ಮ ರಾಜ್ಯ ಸರ್ಕಾರವೂ 2025ರ ಫೆಬ್ರವರಿಯಲ್ಲಿ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದು, ನಂತರ ಅದನ್ನು ಕಾಯ್ದೆ ಮಾಡಿತು. ಕಿರುಕುಳ ಕೊಟ್ಟವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಪೊಲೀಸ್ ಠಾಣೆಗೆ ದೂರು ಕೊಡಬಹುದು. ಆದರೆ ಇದರಿಂದ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಕಂಪನಿಯ ಸಾಲ ಮನ್ನಾ ಆಗುವುದಿಲ್ಲ. "ಕಟ್ಟಬೇಡ, ಮನ್ನಾ ಆಗ್ಯದ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಂತು ಕಟ್ಟಲು ಆಗದಿದ್ದರೆ ಬಚ್ಚಿಟ್ಟುಕೊಳ್ಳಬೇಡಿ, ಮೊದಲೇ ಹೋಗಿ ಕಾಲಾವಕಾಶ ಕೇಳಿ. ಕಟ್ಟಿದ ಪ್ರತಿ ರೂಪಾಯಿಗೂ ಸಾಲದ ಕಾರ್ಡಿನಲ್ಲಿ ಬರೆಸಿಕೊಳ್ಳಿ.

ಮೇವು, ಹಿಂಡಿ, ಔಷಧದ ಖರ್ಚಿಗೆ ಕಿಸಾನ್ ಕ್ರೆಡಿಟ್ ಕಾರ್ಡ್ ಹೈನುಗಾರರಿಗೂ ಸಿಗುತ್ತದೆ. 2 ಲಕ್ಷದವರೆಗೆ ವರ್ಷಕ್ಕೆ ನೂರಕ್ಕೆ 7 ಬಡ್ಡಿ. ಹೇಳಿದ ಸಮಯಕ್ಕೆ ಕಟ್ಟಿದರೆ 3 ರಿಯಾಯಿತಿ, ಅಂದರೆ ನೂರಕ್ಕೆ 4. ಮೂರು ರೂಪಾಯಿ ಕೈಸಾಲದ 36ರ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ನಿಮ್ಮ ಸಂಘದ ಕಾರ್ಯದರ್ಶಿಯನ್ನು ಕೇಳಿ, ಹಾಲಿನ ಪಾಸ್‌ಬುಕ್ ತೆಗೆದುಕೊಂಡು ಬ್ಯಾಂಕಿಗೆ ಹೋಗಿ. ಇದೂ ಸಾಲವೇ, ಮದುವೆ-ಜಾತ್ರೆಗೆ ಖರ್ಚು ಮಾಡಿದರೆ ಇದೂ ಕುತ್ತಿಗೆಗೆ ಬರುತ್ತದೆ.

ವಯಸ್ಸಿನಲ್ಲಿ ಸಣ್ಣವರಿಗೆ ಎರಡು ಮಾತು. ನಿಮ್ಮ ಆಧಾರ್ ಕೊಟ್ಟು ಬೇರೆಯವರಿಗೋಸ್ಕರ ಸಾಲ ತೆಗೆದುಕೊಡಬೇಡಿ. ದುಡ್ಡು ಅವರು ಬಳಸುತ್ತಾರೆ, ಕಂತು ನಿಮ್ಮ ಹೆಸರಿನಲ್ಲಿ ಉಳಿಯುತ್ತದೆ. ಎರಡನೆಯದು, ಬಟವಾಡೆ ನಿಮ್ಮ ಸ್ವಂತ ಖಾತೆಗೆ ಬರುತ್ತಿದೆಯೇ ನೋಡಿಕೊಳ್ಳಿ. ಫೈನಾನ್ಸಿನ ಸಾಲ ಹೆಂಗಸರ ಹೆಸರಿನಲ್ಲಿ ಇರುತ್ತದೆ. ಹಾಲಿನ ದುಡ್ಡೂ ಅದೇ ಹೆಸರಿನಲ್ಲಿ ಬರುವುದು ನ್ಯಾಯ.

ಈ ಯುಗಾದಿಗೆ

ಮೊನ್ನೆ ಯುಗಾದಿ ಆದ ಮೇಲೆ ಮತ್ತೆ ಅವಳ ಹಾಳೆ ನೋಡಿದೆ. ಕೈಸಾಲ ಇಲ್ಲ, ಅಂಗಡಿ ಬಾಕಿ ಇಲ್ಲ, ಡೇರಿ ಬಾಕಿ ಇಲ್ಲ. ಮೊದಲನೇ ಫೈನಾನ್ಸ್ ಇನ್ನು ಎರಡು ಕಂತು. ಎರಡನೆಯದು ಐದಾರು ಕಂತು. ಬಂಗಾರದ ಬಡ್ಡಿ ಕಟ್ಟಿ ನವೀಕರಿಸಿದ್ದಾಳೆ, ಬಿಡಿಸುವುದು ಬಾಕಿ. ಒಟ್ಟು ಸಾಲ 90 ಸಾವಿರದಿಂದ ಸುಮಾರು 27 ಸಾವಿರಕ್ಕೆ ಇಳಿದಿದೆ. ಎಮ್ಮೆ ಮಾರಿದ್ದರೆ ಉಳಿಯುತ್ತಿದ್ದದ್ದು 25 ಸಾವಿರ. ಅಂಕಿ ಹೆಚ್ಚು ಕಡಿಮೆ ಒಂದೇ. ಆದರೆ ಇವತ್ತು ಎಮ್ಮೆ ಕೊಟ್ಟಿಗೆಯಲ್ಲೇ ಇದೆ, ದಿನಕ್ಕೆ 6 ಲೀಟರ್ ಡೇರಿಗೆ ಹೋಗುತ್ತಿದೆ, ಪಕ್ಕದಲ್ಲಿ ಹೆಣ್ಣು ಕರು ಇದೆ. ಎಮ್ಮೆಗೆ ಬೆದೆ ಕಂಡ ದಿನ ಅವಳೇ ಫೋನ್ ಮಾಡಿದ್ದಳು. ಗರ್ಭಧಾರಣೆ ಮಾಡಿಸಿ ತಿಂಗಳಾಯಿತು, ತಪಾಸಣೆ ಇನ್ನೂ ಬಾಕಿ ಇದೆ.

"ಫೈನಾನ್ಸಿನವ್ರು ಈಗೂ ಬರ್ತಾರ್ರಿ. ಆದ್ರ ನಾ ಒಳಗ ಹೋಗಂಗಿಲ್ಲ, ಕಾರ್ಡ್ ಹಿಡ್ಕೊಂಡು ಹೊರಗ ಬರ್ತೀನಿ" ಎಂದಳು.

ನಿಮ್ಮ ಊರಿಗೆ ನಾವು ಬರಡು ರಾಸುಗಳ ತಪಾಸಣಾ ಶಿಬಿರಕ್ಕೆ ಬಂದಾಗ ಎಮ್ಮೆಯ ಜೊತೆಗೆ ಎರಡು ವಸ್ತು ತನ್ನಿರಿ: ಬೆದೆಯ ದಿನಾಂಕ ಗುರುತು ಹಾಕಿದ ಕ್ಯಾಲೆಂಡರ್, ಸಾಲ ಬರೆದ ಹಾಳೆ. ಹಾಳೆಯನ್ನು ಯಾರಿಗೂ ತೋರಿಸಬೇಕೆಂದಿಲ್ಲ. ನಿಮ್ಮ ಎಮ್ಮೆ ಯಾವ ತಿಂಗಳು ಬತ್ತುತ್ತದೆ ಎಂದು ನಾನು ಹೇಳುತ್ತೇನೆ. ಆ ತಿಂಗಳಿನ ಮುಂದೆ ಕಟ್ಟಬೇಕಾದ ಕಂತನ್ನು ನೀವೇ ಬರೆದುಕೊಳ್ಳಿ, ಡಬ್ಬಿಗೆ ದಿನಕ್ಕೆ ಎಷ್ಟು ಹಾಕಬೇಕು ಎಂಬುದು ಅಲ್ಲೇ ತಿಳಿಯುತ್ತದೆ.

— ಪಶುವೈದ್ಯಾಧಿಕಾರಿ, ಶಹಾಪುರ